ಮರಿಯನ್ನು ಸಹಾಯಕ ನಾಯಿಯಾಗಿ ಬೆಳೆಸಿದವರು ಅನುಭವ ಹೇಳಿ

ಹೊಸಮರಿ
ಎಂಟು ವಾರದ ಲ್ಯಾಬ್ರಡಾರ್ ಹೆಣ್ಣು ಮರಿ ಮುಂದಿನ ವಾರ ಮನೆಗೆ ಬರುತ್ತಿದೆ. ಅಮ್ಮ ಗಾಲಿಕುರ್ಚಿಯಲ್ಲಿದ್ದಾರೆ. ಕೆಳಗೆ ಬಿದ್ದದ್ದನ್ನು ಎತ್ತಿಕೊಡುವುದು, ಬಾಗಿಲು ಎಳೆದು ತೆರೆಯುವುದು, ಲೈಟ್ ಹಾಕುವುದು, ಇಷ್ಟು ಕಲಿತರೆ ಸಾಕು. ಎತ್ತಿಕೊಡುವುದನ್ನು ಯಾವ ವಯಸ್ಸಿಗೆ ಶುರು ಮಾಡಬೇಕು? ಮನೆಯಲ್ಲಿ ಬೆಕ್ಕೂ ಇದೆ. ಮಾಡಿದವರು ದಯವಿಟ್ಟು ಹೇಳಿ.

ಕರಿಲ್ಯಾಬ್
ತರಬೇತಿ ಮಾತು ಆಮೇಲೆ. ಮರಿಯ ಅಪ್ಪ-ಅಮ್ಮನ ಸೊಂಟ ಮತ್ತು ಮೊಣಕೈ ಎಕ್ಸ್‌ರೇ ವರದಿ ಕಣ್ಣಾರೆ ನೋಡಿದ್ದೀರಾ? "ಚೆನ್ನಾಗಿ ಓಡಾಡ್ತವೆ" ಅನ್ನುವ ಬಾಯಿಮಾತು ಲೆಕ್ಕಕ್ಕಿಲ್ಲ. ನಮಗೆ ಮರಿ ಕೊಟ್ಟವರು ವರದಿ ಇದೆ, ಇದೆ ಅಂತಲೇ ದಿನ ದೂಡಿದರು. ಎಡ ಸೊಂಟದ ಕೀಲು ಸರಿಯಿಲ್ಲ ಅಂತ ಗೊತ್ತಾಗುವಷ್ಟರಲ್ಲಿ ನಾಯಿ ಎಲ್ಲ ಕೆಲಸ ಕಲಿತಾಗಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಪೆನ್‌ಹಿಪ್ ವಿಧಾನದ ಎಕ್ಸ್‌ರೇ 16 ವಾರಕ್ಕೇ ತೆಗೆಯಬಹುದು. ಮರಿಗೆ ಮಂಪರು ಕೊಟ್ಟು ತೆಗೆಯುತ್ತಾರೆ, ಕೀಲು ಎಷ್ಟು ಸಡಿಲ ಅನ್ನುವುದಕ್ಕೆ ಒಂದು ಅಂಕ ಸಿಗುತ್ತದೆ. ಓಎಫ್‌ಎ (ನಾಯಿಗಳ ಕೀಲಿನ ಎಕ್ಸ್‌ರೇಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ) ಕೊಡುವ ಅಂತಿಮ ದರ್ಜೆ 24 ತಿಂಗಳಿಗೆ ಮುಂಚೆ ಸಿಗುವುದಿಲ್ಲ, ಅಷ್ಟು ಹೊತ್ತಿಗೆ ನಿಮ್ಮ ಶ್ರಮವೆಲ್ಲ ಸುರಿದಾಗಿರುತ್ತದೆ. ಹಾಗಾಗಿ ಮೊದಲನೆಯದನ್ನು ತಪ್ಪಿಸಬೇಡಿ.

ದೊಡ್ಡ ತಳಿಗಳಲ್ಲಿ ಎಲುಬಿನ ತುದಿಯ ಬೆಳವಣಿಗೆ ನಿಲ್ಲಲು 12ರಿಂದ 18 ತಿಂಗಳು ಬೇಕು. ಅಲ್ಲಿಯವರೆಗೆ ಕಾರಿನಿಂದ ಜಿಗಿಯುವುದು ಬೇಡ, ಹಿಂಗಾಲ ಮೇಲೆ ನಿಂತು ಸ್ವಿಚ್ ಒತ್ತುವುದು ಬೇಡ. ನಾಯಿಯ ಮೇಲೆ ಭಾರ ಊರಿ ಏಳುವ ಕೆಲಸವನ್ನಂತೂ ಎರಡು ವರ್ಷ ತುಂಬಿ ಎಕ್ಸ್‌ರೇ ಚೆನ್ನಾಗಿ ಬರುವ ತನಕ ಯೋಚಿಸಲೂ ಬೇಡಿ. ಸಂತಾನಹರಣಕ್ಕೂ ಅವಸರ ಬೇಡ. ಗೋಲ್ಡನ್ ರಿಟ್ರೀವರ್‌ಗಳ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷ ತುಂಬುವ ಮೊದಲೇ ಆಪರೇಷನ್ ಆದವುಗಳಲ್ಲಿ ಕೀಲಿನ ತೊಂದರೆ ಹೆಚ್ಚಿತ್ತು. ತೂಕ ಯಾವಾಗಲೂ ಹಿಡಿತದಲ್ಲಿರಲಿ, ಪಕ್ಕೆಲುಬು ಕೈಗೆ ಸುಲಭವಾಗಿ ಸಿಗಬೇಕು.

ಮರಿಪೋಷಕಿ
ಸೊಂಟ ಗಟ್ಟಿಯಿದ್ದು ಮನಸ್ಸು ಪುಕ್ಕಲಾದರೆ ಏನು ಮಾಡ್ತೀರಿ ಕರಿಲ್ಯಾಬ್ ಅವರೇ? ತರಬೇತಿಯಿಂದ ಹೊರಬೀಳುವ ನಾಯಿಗಳಲ್ಲಿ ಹೆಚ್ಚಿನವು ಬೀಳುವುದು ಸ್ವಭಾವದ ಕಾರಣಕ್ಕೆ, ಮೂಳೆಯ ಕಾರಣಕ್ಕಲ್ಲ.

ಲೋಕ ಹೀಗಿದೆ ಅಂತ ಮರಿ ಒಪ್ಪಿಕೊಳ್ಳುವ ಕಾಲ ಸುಮಾರು 3ನೇ ವಾರದಿಂದ 14ನೇ ವಾರದ ತನಕ. ಎಂಟನೇ ವಾರಕ್ಕೆ ಮನೆಗೆ ಬಂದರೆ ಉಳಿದದ್ದು ಆರು ವಾರ. ಲಸಿಕೆಯ ಸರಣಿ 16 ವಾರಕ್ಕೆ ಮುಗಿಯುತ್ತದೆ, ಆಮೇಲೆ ಹೊರಗೆ ಕರೆದೊಯ್ಯೋಣ ಅಂದುಕೊಂಡರೆ ಬಸ್ ಹೋಗಿಬಿಟ್ಟಿರುತ್ತದೆ. ಮೊದಲ ಲಸಿಕೆಯಾಗಿ ಏಳು ದಿನ ಕಳೆದ ಮೇಲೆ ಶುಚಿಯಾದ ಒಳಾಂಗಣದ ಮರಿ ತರಗತಿಗೆ ಹೋಗಬಹುದು. ಉಳಿದ ಕಡೆ ಎತ್ತಿಕೊಂಡು ಹೋಗಿ, ನೆಲಕ್ಕೆ ಬಿಡಬೇಡಿ.

ಮನೆಯಲ್ಲೇ ಮಾಡುವುದು ಬೇಕಾದಷ್ಟಿದೆ: ನುಣುಪು ನೆಲ, ಕಬ್ಬಿಣದ ಜಾಲರಿ, ಅಲ್ಲಾಡುವ ಹಲಗೆ, ಛತ್ರಿ ಬಿಚ್ಚುವುದು, ತಟ್ಟೆ ಬೀಳುವ ಸದ್ದು, ಹೆಲ್ಮೆಟ್ ಹಾಕಿದವರು, ಊರುಗೋಲು. ಗಾಲಿಕುರ್ಚಿಯನ್ನು ಮೊದಲು ನಿಲ್ಲಿಸಿಯೇ ಪರಿಚಯಿಸಿ. ಅದರ ಮೇಲೂ ಸುತ್ತಲೂ ಟ್ರೀಟ್ ಇಡಿ. ಆಮೇಲೆ ಒಂದು ಗೇಣು ಉರುಳಿಸಿ ನಿಲ್ಲಿಸಿ. ಚಕ್ರ ಒಮ್ಮೆ ಪಾದದ ಮೇಲೆ ಹತ್ತಿತೆಂದರೆ ಅದನ್ನು ಮರೆಸಲು ತಿಂಗಳುಗಳೇ ಹಿಡಿಯುತ್ತವೆ. ಇಷ್ಟದ ಟ್ರೀಟನ್ನೂ ಮರಿ ತಿನ್ನದಿದ್ದರೆ ನೀವು ತೀರಾ ಹತ್ತಿರ ಇದ್ದೀರಿ ಅಂತ ಅರ್ಥ. ದೂರ ಸರಿಯಿರಿ, ಎಳೆಯಬೇಡಿ. ಎಸ್ಕಲೇಟರ್ ಯಾವ ವಯಸ್ಸಿಗೂ ಬೇಡ, ಅದರ ಮೆಟ್ಟಿಲಿನ ಹಲ್ಲುಗಳ ನಡುವೆ ಉಗುರು ಸಿಕ್ಕಿ ಕಿತ್ತು ಬರುತ್ತದೆ. ಲಿಫ್ಟ್ ಹುಡುಕಿ.

ಇನ್ನೊಂದು. ಸಾಕುನಾಯಿಯ ಹಾಗೆ ಬಂದವರೆಲ್ಲರ ಕೈಯಲ್ಲೂ ಮುದ್ದಿಸಬೇಡಿ. ಹತ್ತು ಜನರನ್ನು ನೋಡಿ ಸುಮ್ಮನೆ ಕೂತದ್ದಕ್ಕೆ ಟ್ರೀಟ್, ಒಬ್ಬರ ಹತ್ತಿರ ಮಾತ್ರ ನಿಮ್ಮ ಅಪ್ಪಣೆ ಸಿಕ್ಕಮೇಲೆ ಹೋಗುವುದು.

ಸಂಸ್ಥೆಯಿಂದ ಪಡೆದವರು
ಎಲ್ಲರೂ ಹುರಿದುಂಬಿಸುತ್ತಿದ್ದೀರಿ. ಸತ್ಯ ಹೇಳುವವರು ಯಾರೂ ಇಲ್ಲ. ತಲೆಮಾರುಗಳಿಂದ ಆರಿಸಿ ಬೆಳೆಸಿದ ಮರಿಗಳನ್ನು ಇಟ್ಟುಕೊಂಡ, ಸಹಾಯಕ ನಾಯಿ ತಯಾರಿಸುವ ಸಂಸ್ಥೆಗಳಲ್ಲೇ ಸುಮಾರು ಅರ್ಧದಷ್ಟು ನಾಯಿಗಳು ಕೊನೆ ಮುಟ್ಟುವುದಿಲ್ಲ. ಅಲ್ಲಿ ಒಂದು ಬಿದ್ದರೆ ಇನ್ನೊಂದು ಸಿದ್ಧವಿರುತ್ತದೆ. ನಿಮ್ಮ ಹತ್ತಿರ ಇರುವುದು ಒಂದೇ. ಪೋಷಕ ಕುಟುಂಬದಲ್ಲಿ ವರ್ಷದಿಂದ ಒಂದೂವರೆ ವರ್ಷ, ಆಮೇಲೆ ತಿಂಗಳುಗಟ್ಟಲೆ ಕೆಲಸದ ತರಬೇತಿ, ಕೊನೆಗೆ ನಾಯಿಗೂ ಯಜಮಾನರಿಗೂ ಜೋಡಿ ಹೊಂದಿಸುವ ವಾರಗಳು. ಎರಡು ವರ್ಷಕ್ಕೆ ಕಡಿಮೆ ಇಲ್ಲ. ಬಿದ್ದ ನಾಯಿಯನ್ನು ಹತ್ತು-ಹನ್ನೆರಡು ವರ್ಷ ಸಾಕಿಕೊಂಡೇ ಎರಡನೆಯದನ್ನು ತಯಾರು ಮಾಡುವ ಶಕ್ತಿ ಇದೆಯಾ? ಅಮ್ಮನಿಗೆ ಸಹಾಯ ಬೇಕಿರುವುದು ಈಗ. ಸಂಸ್ಥೆಯ ಸರದಿಯಲ್ಲಿ ಹೆಸರು ಬರೆಸಿ ಕಾಯುವುದು ವಾಸಿ.

ಕೈಯಾರೆಕಲಿಸಿದ್ದು
ಕಾಯುವುದು ವಾಸಿಯಂತೆ! ಸರದಿಯಲ್ಲಿ ವರ್ಷಗಟ್ಟಲೆ ಕೂತವರ ಕಷ್ಟ ನಿಮಗೆ ನಾಯಿ ಸಿಕ್ಕಿದ ಮೇಲೆ ಮರೆತುಹೋಯಿತು ಅಂತ ಕಾಣುತ್ತದೆ. ಒಂದೇ ಮನೆಗೆ, ಒಬ್ಬರೇ ಮನುಷ್ಯರಿಗೆ ಬೇಕಾದ ನಾಲ್ಕು ಕೆಲಸ ಮನೆಯಲ್ಲೇ ಕಲಿಸಬಹುದು. ಎತ್ತಿಕೊಡುವುದನ್ನು ಹಂತಹಂತವಾಗಿ ಬರೆಯುತ್ತೇನೆ, ಯಾರು ಬೇಕಾದರೂ ತೂಗಿ ನೋಡಲಿ.

ವಸ್ತುವನ್ನು ಎಸೆದು "ತಾ" ಅನ್ನುವುದು ಆಟ, ಕೆಲಸವಲ್ಲ. ಕೆಲಸವನ್ನು ಕೊನೆಯಿಂದ ಕಟ್ಟಬೇಕು. ಮೊದಲು ಕೈಯಲ್ಲಿ ಹಿಡಿದ ಬಟ್ಟೆ ಸುತ್ತಿದ ಕೋಲಿಗೆ ಮೂಗು ಮುಟ್ಟಿದರೆ ಕ್ಲಿಕ್ ("ಸರಿ" ಅಂತ ತಿಳಿಸಲು ಟಿಕ್ ಎಂದು ಸದ್ದು ಮಾಡುವ ಕೈಯಲ್ಲಿನ ಪುಟ್ಟ ಸಾಧನ), ಟ್ರೀಟ್. ಆಮೇಲೆ ಬಾಯಿ ತೆರೆದರೆ ಮಾತ್ರ. ಆಮೇಲೆ ಕೋರೆಹಲ್ಲಿನ ಹಿಂದೆ ಹಿಡಿದರೆ. ಹಿಡಿತ ಅರ್ಧ ಸೆಕೆಂಡ್, ಒಂದು, ಎರಡು, ಐದು. ಎಲ್ಲರೂ ಎಡವುವುದು ಇಲ್ಲೇ: ಕೋಲು ಬಾಯಿಂದ ಬಿದ್ದ ಮೇಲೆ ಕ್ಲಿಕ್ ಮಾಡುತ್ತಾರೆ, ನಾಯಿ ಉಗುಳುವುದನ್ನು ಕಲಿಯುತ್ತದೆ. ಬಾಯಲ್ಲಿ ಅಲುಗದೆ ಇರುವಾಗಲೇ ಕ್ಲಿಕ್ ಬೀಳಬೇಕು. ಹತ್ತು ಸೆಕೆಂಡ್ ಗಟ್ಟಿಯಾದ ಮೇಲೆ ಕೈಗೆ ಕೊಡುವುದು, ಆಮೇಲೆ ಒಂದು ಹೆಜ್ಜೆ ಹೊತ್ತು ತಂದು ಕೊಡುವುದು, ನೆಲದಿಂದ ಎತ್ತುವುದು ಎಲ್ಲಕ್ಕಿಂತ ಕೊನೆಗೆ. ನೆಲಕ್ಕೆ ಬಿದ್ದದ್ದಕ್ಕೆ ಟ್ರೀಟ್ ಇಲ್ಲ, ಅಂಗೈಗೆ ಬಂದದ್ದಕ್ಕೆ ಮಾತ್ರ. ಕುರ್ಚಿಯಲ್ಲಿ ಕೂತವರು ಬಗ್ಗಲಾರರು ಅಂತಲೇ ಅಲ್ಲವೇ ನಾಯಿ ಬೇಕಾದದ್ದು?

ಬೀಗದ ಕೈ, ಚಮಚದಂಥ ಲೋಹ ಹಲ್ಲಿಗೆ ತಣ್ಣಗೆ ತಾಗುತ್ತದೆ, ನಾಯಿ ಬೇಡ ಅನ್ನುತ್ತದೆ. ಪೂರ್ತಿ ಬಟ್ಟೆ ಸುತ್ತಿ ಶುರು ಮಾಡಿ ಸುತ್ತು ಕಡಿಮೆ ಮಾಡುತ್ತಾ ಹೋಗಿ. ಬ್ಯಾಂಕ್ ಕಾರ್ಡ್ ನೆಲಕ್ಕೆ ಅಂಟಿಕೊಂಡಂತೆ ಬಿದ್ದಿದ್ದರೆ ಮೊದಲು ರಟ್ಟಿನ ಚೂರಿನ ಮೇಲಿಟ್ಟು ಅಂಚು ಎತ್ತರವಾಗಿಸಿ. ಮಾತ್ರೆಯ ಡಬ್ಬ ಬೇಡವೇ ಬೇಡ, ಕಚ್ಚಿದರೆ ಮುಚ್ಚಳ ಒಡೆಯುತ್ತದೆ. ಪಾಠ ಮೂರರಿಂದ ಐದು ನಿಮಿಷ, ದಿನಕ್ಕೆ ಮೂರು ಸಲ. ಟ್ರೀಟ್ ಬಟಾಣಿ ಕಾಳಿಗಿಂತ ದೊಡ್ಡದು ಬೇಡ, ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ಮೀರಬಾರದು.

ಶೆಫರ್ಡ್‌ಮನೆ
ಎಲ್ಲರೂ ಲ್ಯಾಬ್ ಲ್ಯಾಬ್ ಅನ್ನುತ್ತೀರಿ. ಅಂಧರಿಗೆ ದಾರಿ ತೋರುವ ನಾಯಿಗಳ ಮೊದಲ ಶಾಲೆ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ತೆರೆದದ್ದು, ಅಲ್ಲಿ ಕೆಲಸ ಮಾಡಿದ್ದು ಜರ್ಮನ್ ಶೆಫರ್ಡ್. 1928ರಲ್ಲಿ ಅಂಧ ಯುವಕ ಮಾರಿಸ್ ಫ್ರಾಂಕ್ ಅಮೆರಿಕಕ್ಕೆ ಕರೆತಂದ, ದಾರಿ ತೋರುವ "ಬಡ್ಡಿ" ಎಂಬ ನಾಯಿಯೂ ಶೆಫರ್ಡ್. ಅನ್ನ ಕಂಡರೆ ಕೆಲಸ ಮರೆಯುವ ಲ್ಯಾಬ್ ಇಟ್ಟುಕೊಂಡು ಶೆಫರ್ಡ್ ಬೈಯಬೇಡಿ.

ಕರಿಲ್ಯಾಬ್
ಶೆಫರ್ಡನ್ನು ಇಲ್ಲಿ ಬೈದವರು ಯಾರು ಸಾರ್? ಹೊಟ್ಟೆಬಾಕತನವೇ ಲ್ಯಾಬ್‌ನ ಬಲ. 2016ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ಪಿಒಎಂಸಿ ಎಂಬ ಜೀನ್‌ನ ಒಂದು ತುಂಡು ಕಾಣೆಯಾದ ಲ್ಯಾಬ್‌ಗಳು ಹೆಚ್ಚು ಹಸಿದಿರುತ್ತವೆ ಎಂದು ತೋರಿಸಿದರು. ಎಲ್ಲ ಲ್ಯಾಬ್‌ಗಳಲ್ಲಿ ನಾಲ್ಕರಲ್ಲೊಂದರ ಆಸುಪಾಸು ಇರುವ ಈ ಬದಲಾವಣೆ, ಅವರು ನೋಡಿದ ಸಹಾಯಕ ಲ್ಯಾಬ್‌ಗಳಲ್ಲಿ ನಾಲ್ಕರಲ್ಲಿ ಮೂರರಷ್ಟಿತ್ತು. ಟ್ರೀಟ್‌ಗೆ ಕೆಲಸ ಮಾಡುವ ನಾಯಿ ಬೇಗ ಕಲಿಯುತ್ತದೆ. ನೆಲದ ಮೇಲಿನ ಅನ್ನ ಬಿಡುವುದನ್ನು ಕಲಿಸುವುದು ಬೇರೆ ಪಾಠ: ಮುಚ್ಚಿದ ಮುಷ್ಟಿ, ತೆರೆದ ಅಂಗೈ, ನೆಲದ ಮೇಲೆ ಪಾದದಡಿ, ಕೊನೆಗೆ ನಡೆಯುವಾಗ. ಬಿಟ್ಟದ್ದಕ್ಕೆ ಬಹುಮಾನ ಬೇರೆ ಕೈಯಿಂದ ಬರಬೇಕು, ಬಿಟ್ಟದ್ದೇ ಮತ್ತೆ ಸಿಗಬಾರದು.

ಹೊಸಮರಿ
ತುಂಬಾ ಧನ್ಯವಾದ. ಆದರೆ ನಾನು ಕೇಳಿದ್ದು ವಯಸ್ಸು. ಹಲ್ಲು ಬದಲಾಗುವಾಗ ಹಿಡಿಯುವ ಪಾಠ ಮಾಡಬಹುದಾ?

ಕೈಯಾರೆಕಲಿಸಿದ್ದು
ಮೂಗು ಮುಟ್ಟುವುದು ಬಂದ ವಾರದಿಂದಲೇ. ಹಿಡಿಯುವುದನ್ನು ಮೆತ್ತನೆಯ ಬಟ್ಟೆಯಲ್ಲಿ ಮೂರು ತಿಂಗಳಿಗೆ. ನಾಲ್ಕರಿಂದ ಆರು ತಿಂಗಳು ಹಲ್ಲು ಬೀಳುವಾಗ ಗಟ್ಟಿ ವಸ್ತು ಪೂರ್ತಿ ನಿಲ್ಲಿಸಿ. ಒಸಡು ನೊಂದರೆ ಆ ನೋವು ವಸ್ತುವಿಗೆ ಅಂಟಿಕೊಂಡುಬಿಡುತ್ತದೆ. ಬಾಗಿಲ ಹಿಡಿಗೆ ಕಟ್ಟಿದ ಹಗ್ಗ ನಾಯಿಯ ಎದೆಯ ಮಟ್ಟಕ್ಕೆ ಇಳಿದಿರಬೇಕು. ಇನ್ನೂ ಎತ್ತರವಾದರೆ ಕುತ್ತಿಗೆ ತಿರುಚುತ್ತದೆ. ತಾನೇ ಮುಚ್ಚಿಕೊಳ್ಳುವ ಭಾರದ ಬಾಗಿಲನ್ನು ಒಂದೂವರೆ ವರ್ಷಕ್ಕೆ ಮುಂಚೆ ಎಳೆಸಬೇಡಿ. ಬೆಕ್ಕಿಗೆ ಎತ್ತರದ ಜಾಗ, ಮರಿಗೆ ಚಾಪೆ. ಮರಿ ಬೆಕ್ಕನ್ನು ನೋಡಿ ನಿಮ್ಮ ಕಡೆ ತಿರುಗಿದಾಗಲೆಲ್ಲ ಟ್ರೀಟ್.

ಸಕ್ಕರೆಮೂಗು
ಬಾಗಿಲು, ಸ್ವಿಚ್ ಎಲ್ಲ ಸರಿ. ರಕ್ತದ ಸಕ್ಕರೆ ಇಳಿದಾಗ ಎಚ್ಚರಿಸುವ ನಾಯಿಯ ಕಷ್ಟದ ಮುಂದೆ ಇದು ಏನೂ ಅಲ್ಲ. ಅದಕ್ಕೆ ವಾಸನೆ ಕಲಿಸಲು ಮಾದರಿ ಬೇಕು: ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿದ್ದಾಗ ಮೊದಲು ಗಾಜ್ ಬಟ್ಟೆಯಲ್ಲಿ ಜೊಲ್ಲು ಒರೆಸಿ, ಆಮೇಲೆ ಸಕ್ಕರೆ ತಿಂದು, ಗಾಜ್ ಅನ್ನು ಗಾಜಿನ ಸೀಸೆಗೆ ಹಾಕಿ ಫ್ರೀಜರ್‌ಗೆ. ಸಕ್ಕರೆ ತಿಂದ ಮೇಲೆ ತೆಗೆದದ್ದು ಕೆಲಸಕ್ಕೆ ಬಾರದು, ನಾಯಿ ಆಹಾರದ ವಾಸನೆ ಕಲಿಯುತ್ತದೆ.

ಸಂಸ್ಥೆಯಿಂದ ಪಡೆದವರು
ಕೇಳಿದ್ದು ಗಾಲಿಕುರ್ಚಿ, ಇವರು ಸಕ್ಕರೆ ತಂದರು. ಚರ್ಮಕ್ಕೆ ಅಂಟಿಸುವ ಸೆನ್ಸರ್ ಇರುವಾಗ ಇಷ್ಟೆಲ್ಲ ಯಾಕೆ? ನಿಮ್ಮ ನಾಯಿ ಎಚ್ಚರಿಸುತ್ತಿರುವುದು ವಾಸನೆ ಹಿಡಿದಲ್ಲ, ನಿಮ್ಮ ಮುಖ ನೋಡಿ ಇರಬಹುದು.

ಸಕ್ಕರೆಮೂಗು
ಸೆನ್ಸರ್ ಬಿಡಿ ಅಂತ ನಾನೆಲ್ಲಿ ಹೇಳಿದೆ? ನಾಯಿ ಎಚ್ಚರಿಸಿದರೂ ಮೀಟರ್‌ನಲ್ಲಿ ನೋಡಿಯೇ ಮುಂದಿನದು. ಸೆನ್ಸರ್ ಅಳೆಯುವುದು ಚರ್ಮದಡಿಯ ದ್ರವವನ್ನು, ಸಕ್ಕರೆ ರಭಸದಿಂದ ಇಳಿಯುವಾಗ ಅದು ರಕ್ತಕ್ಕಿಂತ ಹಿಂದೆ ಬೀಳುತ್ತದೆ. ಮುಖ ನೋಡಿ ಅನ್ನುವುದಕ್ಕೆ ಉತ್ತರ: ಅದೇ ಮನುಷ್ಯರ ಸಕ್ಕರೆ ಸರಿಯಿದ್ದಾಗ ತೆಗೆದ ಮಾದರಿ, ಅದೇ ಗಾಜ್, ಅದೇ ಗ್ಲೌಸ್, ಅದೇ ಫ್ರೀಜರ್, ಅಷ್ಟೇ ದಿನ ಹಳೆಯದು. ಒಂದರಲ್ಲಿ ಮಾತ್ರ ಕಡಿಮೆ ಸಕ್ಕರೆಯ ಮಾದರಿ, ಉಳಿದ ನಾಲ್ಕರಲ್ಲಿ ಸರಿಯಿದ್ದಾಗಿನದು ಇರುವ ಐದು ಸೀಸೆಗಳನ್ನು ಮೂರನೆಯವರು ಜೋಡಿಸಿ ಕೋಣೆಯಿಂದ ಹೊರಗೆ ಹೋಗಬೇಕು. ನಾಯಿ ಹಿಡಿದವರಿಗೂ ಯಾವುದು ಅಂತ ಗೊತ್ತಿರಬಾರದು. ಕೆಲವು ಸಾಲುಗಳಲ್ಲಿ ಕಡಿಮೆಯದು ಇರಲೇಬಾರದು, ಆಗ ನಾಯಿ ಸುಮ್ಮನೆ ದಾಟಿ ಹೋಗಬೇಕು. ಈ ಪರೀಕ್ಷೆ ಮಾಡಿ ನೋಡದವರು ನನ್ನ ಜೊತೆ ವಾದಕ್ಕೆ ಬರಬೇಡಿ.