ತ್ಸೆಲ್ತಾಲ್ ಭಾಷೆಯಲ್ಲಿ ‘ಏರು’ ಅಂದರೆ ದಕ್ಷಿಣವೇ?

ಪ್ರಶ್ನೆ: ಮೆಕ್ಸಿಕೋದ ಚಿಯಾಪಾಸ್ ರಾಜ್ಯದ ತೆನೆಹಾಪದಲ್ಲಿ ಆಡುವ ತ್ಸೆಲ್ತಾಲ್ ಎಂಬ ಮಾಯನ್ ಭಾಷೆಯ ಬಗ್ಗೆ ಓದುತ್ತಿದ್ದೇನೆ. ಸಮತಟ್ಟಾದ ಮೇಜಿನ ಮೇಲಿನ ಬಾಟಲಿಯನ್ನೂ ಅವರು ‘ಲೋಟದ ಏರಿನ ಕಡೆ ಇದೆ’ ಅನ್ನುತ್ತಾರಂತೆ. ಇಳಿಜಾರೇ ಇಲ್ಲದಲ್ಲಿ ಏರು ಎಲ್ಲಿಂದ ಬಂತು? ಎರಡು ದಿನದಿಂದ ಇದೇ ಯೋಚನೆ.

ಉತ್ತರ 1: ಆ ಊರಿನ ನೆಲ ದಕ್ಷಿಣದಲ್ಲಿ ಎತ್ತರ, ಉತ್ತರಕ್ಕೆ ಇಳಿಯುತ್ತದೆ. ಹಾಗಾಗಿ ಏರು ಅಂದರೆ ದಕ್ಷಿಣ, ಇಳಿ ಅಂದರೆ ಉತ್ತರ. ಪೂರ್ವಕ್ಕೂ ಪಶ್ಚಿಮಕ್ಕೂ ‘ಅಡ್ಡ’ ಅನ್ನುವಂಥ ಒಂದೇ ಮಾತು! ಭಾಷಾ ಸಂಶೋಧಕರಾದ ಪೆನೆಲೋಪ್ ಬ್ರೌನ್, ಸ್ಟೀಫನ್ ಲೆವಿನ್ಸನ್ 1990ರ ದಶಕದಲ್ಲಿ ಇದರ ಬಗ್ಗೆ ಬರೆದಿದ್ದಾರೆ.

ಉತ್ತರ 2: ಎಡಗೈ, ಬಲಗೈಗೆ ಅವರಲ್ಲಿ ಪದಗಳಿವೆ. ಆದರೆ ‘ಲೋಟದ ಎಡಕ್ಕೆ’ ಅಂತ ಹೇಳುವ ರೂಢಿಯಿಲ್ಲ. ಏರು ಅಂದಾಗ ನಿಜವಾದ ದಿಣ್ಣೆಯೋ ದಿಕ್ಕೋ ಅನ್ನೋದು ಸಂದರ್ಭದಿಂದಲೇ ಗೊತ್ತಾಗಬೇಕು. ನಿಘಂಟು ಮಾತ್ರ ಸಾಲದು.

ಪ್ರಶ್ನೆ ಕೇಳಿದವರು: ಈಗ ಅರ್ಥವಾಯಿತು, ತುಂಬಾ ಥ್ಯಾಂಕ್ಸ್. ನಮ್ಮದು ಕುಂದಾಪುರದ ಕಡೆ. ಅಜ್ಜಿ ‘ಮಗ ಘಟ್ಟದ ಮೇಲಿದ್ದಾನೆ’ ಅಂದರೆ ಅವರು ಬೆಟ್ಟದ ತುದಿಯಲ್ಲಿ ಕೂತಿದ್ದಾರೆ ಅಂತಲ್ಲ, ಶಿವಮೊಗ್ಗದಲ್ಲಿದ್ದಾರೆ ಅಂತ. ಅದೂ ಊರಿನ ನೆಲವೇ ಕೊಟ್ಟ ಅರ್ಥ ಅಲ್ವಾ?