ಪದ ಬೇಕು: ಪಾರ್ಕಿನ್ಸನ್‌ನಲ್ಲಿ ಬರುವ ಡಿಪ್ರೆಶನ್‌ಗೆ

ಬಳ್ಳಾರಿಯಿಂದ:
ನಮಸ್ಕಾರ. ಇಲ್ಲಿನ ಒಂದು ದವಾಖಾನೆಗೆ ಪಾರ್ಕಿನ್ಸನ್, ಅಂದರೆ ಕೈಕಾಲು ನಡುಗುವ ಮೆದುಳಿನ ಕಾಯಿಲೆ, ಅದರ ಬಗ್ಗೆ ಬೋರ್ಡು ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು. 'ಖಿನ್ನತೆ' ಅಂತ ಹಾಕಿದೆ, ಮನಸ್ಸು ಒಪ್ಪುತ್ತಿಲ್ಲ. ಖಿನ್ನ, ಖೇದ ಎರಡಕ್ಕೂ ಒಂದೇ ಧಾತು. ಓದಿದವರು 'ಕೈ ನಡುಗುತ್ತದೆ ಅಂತ ಅಪ್ಪ ಕೊರಗುತ್ತಿದ್ದಾರೆ' ಅಂದುಕೊಳ್ಳುತ್ತಾರೆ. ಕೊರಗೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟೋ ಜನರಿಗೆ ಈ ಡಿಪ್ರೆಶನ್ ನಡುಕಕ್ಕಿಂತ ವರ್ಷಗಳ ಮೊದಲೇ ಶುರುವಾಗುತ್ತದೆ. ಮೆದುಳಿನಲ್ಲಿ ಸಾಯುವುದು ಡೋಪಮೈನ್ (ಚಲನೆಗೆ ಬೇಕಾದ ರಾಸಾಯನಿಕ) ಮಾಡುವ ಜೀವಕೋಶಗಳಷ್ಟೇ ಅಲ್ಲ. ಮನಸ್ಸಿನ ಸ್ಥಿತಿಗೆ ಸಂಬಂಧಪಟ್ಟ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಮಾಡುವವೂ ಸಾಯುತ್ತವೆ. ಅಂದರೆ ಇದು ಕಾಯಿಲೆಯದೇ ಒಂದು ಭಾಗ. ಅದನ್ನು ಹೇಳುವ ಪದ ಬೇಕು.

ರಾಯಚೂರಿನಿಂದ:
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 'ಮಂಕು' ಇದೆ, ಅಚ್ಚ ಕನ್ನಡ. ಎಣ್ಣೆ ತೀರಿದರೆ ದೀಪ ಮಂಕು. ಡೋಪಮೈನ್ ತೀರಿದರೆ ಮನಸ್ಸೂ ಹಾಗೇ. ಮನಸ್ಸು ಸಂಸ್ಕೃತದ್ದು, ಹಳಗನ್ನಡದಲ್ಲಿ 'ಬಗೆ'. 'ಬಗೆಮಂಕು' ಅಂತ ಬರೆಸಿ. ಬೋರ್ಡಿನಲ್ಲಿ 'ಕಂಪವಾತ' ಇದ್ದರೆ ಅದನ್ನೂ ತೆಗೆಸಿ, 'ನಡುಕದ ಬೇನೆ' ಸಾಕು. ಸಂಸ್ಕೃತವೂ ಎರವಲೇ.

ಬಳ್ಳಾರಿಯಿಂದ:
ಅಣ್ಣಾರೆ, ಮಂಕು ಆಗುವುದಿಲ್ಲ. ಈ ಕಾಯಿಲೆಯಲ್ಲಿ ಮುಖದ ಸ್ನಾಯು ಬಿಗಿಯುತ್ತದೆ. ಒಳಗೆ ಖುಷಿ ಇದ್ದರೂ ಮುಖ ಮಂಕಾಗಿಯೇ ಕಾಣುತ್ತದೆ. ನಮ್ಮ ಮಾವನವರನ್ನು ನೋಡಿ 'ಮಾರಿ ಸಣ್ಣ ಮಾಡ್ಕೊಂಡು ಕುಂತಾರ' ಅಂತ ಎಲ್ಲರೂ ಅಂದರು. ಆಗ ಅವರಿಗೆ ಬೇಸರವೇ ಇರಲಿಲ್ಲ. ಆಮೇಲೆ ನಿಜಕ್ಕೂ ಕುಗ್ಗಿದರು, ಆಗ ಯಾರಿಗೂ ತಿಳಿಯಲಿಲ್ಲ. ಮುಖ ಅದೇ ಮುಖ. ಮಂಕು ಅಂತ ಬರೆಸಿದರೆ ಆ ತಪ್ಪನ್ನೇ ಬೋರ್ಡಿಗೆ ಏರಿಸಿದ ಹಾಗೆ.

ಎಣ್ಣೆಯ ಹೋಲಿಕೆಯೂ ಪೂರ್ತಿ ಕೂಡುವುದಿಲ್ಲ. ಮೆದುಳಿನಲ್ಲಿ ಡೋಪಮೈನ್ ಆಗುವ ಲೆವೊಡೋಪಾ ಮಾತ್ರೆಯಿಂದ ನಡಿಗೆ ಸಲೀಸಾದರೂ ಎಷ್ಟೋ ಸಲ ಮನಸ್ಸು ಏಳುವುದಿಲ್ಲ. ಅದಕ್ಕೆ ಬೇರೆ ಔಷಧಿ, ಆಪ್ತಸಲಹೆ ಬೇಕಾಗುತ್ತದೆ.

ಇನ್ನು ಎರವಲಿನ ಮಾತು. 'ದವಾಖಾನೆ' ಪಾರಸಿ, ಉರ್ದುವಿನ ದಾರಿಯಲ್ಲಿ ಬಂದದ್ದು. ನಿಮ್ಮ ರಾಯಚೂರಿನಲ್ಲಿ ಅದನ್ನು ಬಿಟ್ಟು ಯಾರು ಮಾತಾಡುತ್ತಾರೆ? 'ಬಗೆಮಂಕು' ಅಂದರೆ ಕ್ಯೂನಲ್ಲಿ ನಿಂತ ಅಜ್ಜನಿಗೆ ತಿಳಿಯುತ್ತದಾ?

ಕೊಪ್ಪಳದ ಅಕ್ಕ ನನಗೆ ಬೇರೆಯಾಗಿ ಬರೆದು, 'ಕುಗ್ಗು' ನೋಡು, ನಾಮಪದದ ಹಟ ಬಿಡು ಅಂದರು. ಅದು ಹಿಡಿಸಿತು. ಹೀಗೆ ಕಳಿಸುತ್ತಿದ್ದೇನೆ: 'ಮನಸ್ಸು ಕುಗ್ಗುವುದೂ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣ. ಡಾಕ್ಟರಿಗೆ ಹೇಳಿ.' ಕೆಳಗೆ ಸಣ್ಣಕ್ಷರದಲ್ಲಿ 'ಡಿಪ್ರೆಶನ್' ಇರಲಿ, ಒಳಗೆ ಡಾಕ್ಟರು ಅನ್ನುವುದು ಅದನ್ನೇ.