ಸಹಾಯ ಬೇಕು: ಸೆಟ್‌ಟಾಪ್ ಬಾಕ್ಸಿನಿಂದ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ. ಅವ್ವನಿಗೆ ಚಂದನ ವಾಹಿನಿಯ ಹಿಂದೂಸ್ತಾನಿ ಗಾಯನ ಅಂದರೆ ಪ್ರಾಣ. ಮೊದಲು ಕೇಬಲ್ ವೈರನ್ನು ನೇರ ವಿಸಿಆರ್‌ಗೆ ಚುಚ್ಚಿ, ಟೈಮರ್ ಇಟ್ಟು ಸಂತೆಗೆ ಹೋಗಿಬಿಡುತ್ತಿದ್ದಳು. ಕ್ಯಾಸೆಟ್ಟಿನ ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ರಾಗದ ಹೆಸರು. ಅಳಿಸಿ ಅಳಿಸಿ ಬರೆದು ಚೀಟಿಯೇ ಸವೆದಿದೆ.

2015ರ ಡಿಸೆಂಬರ್ 31ರ ಗಡುವು ಬಂದು ನಮ್ಮ ಕಡೆ ಕೇಬಲ್ ಡಿಜಿಟಲ್ ಆಯ್ತಲ್ವಾ, ಆಮೇಲೆ ವಿಸಿಆರ್‌ನಲ್ಲಿ ಚಾನೆಲ್ ಹಾಕಿದರೆ ಬರೀ ಇರುವೆ ಓಡಾಟ.

ಈಗಿನ ಬಾಕ್ಸಿಗೆ ಪೆನ್‌ಡ್ರೈವ್ ಹಾಕಿದರೆ ರೆಕಾರ್ಡ್ ಆಗುತ್ತೆ, ಆದರೆ ಅದು ಆ ಬಾಕ್ಸಿನಲ್ಲಿ ಮಾತ್ರ ಓಡುತ್ತೆ. ಕಂಪ್ಯೂಟರಿನಲ್ಲಿ ಫೈಲ್ ತೆರೆಯೋದೇ ಇಲ್ಲ, ಬೀಗ ಹಾಕಿರುತ್ತಾರಂತೆ. ಹೋದ ತಿಂಗಳು ಸಿಡಿಲಿಗೆ ಬಾಕ್ಸ್ ಸುಟ್ಟಿತು. ಹೊಸದರಲ್ಲಿ ಹಳೆಯ 14 ರೆಕಾರ್ಡಿಂಗ್‌ನಲ್ಲಿ ಒಂದೂ ಬರಲಿಲ್ಲ. "ನಿನ್ನ ಡಬ್ಬಿಗಿಂತ ನನ್ನ ಕ್ಯಾಸೆಟ್ಟೇ ಚಲೋ ಇತ್ತು" ಅಂದಳು ಅವ್ವ. ಸುಮ್ನೆ ಕೂತೆ.

ಬಾಕ್ಸಿನಿಂದ ಟಿವಿಗೆ ಹೋಗುವ ಎಚ್‌ಡಿಎಂಐ ವೈರಿನಲ್ಲಿ ಕಾಪಿ ತಡೆ ಇರುತ್ತೆ, ಅದು ಬೇಡ. ಬಾಕ್ಸಿನ ಹಳದಿ-ಕೆಂಪು-ಬಿಳಿ ವೈರಿನಿಂದ ಯುಎಸ್‌ಬಿ ಕ್ಯಾಪ್ಚರ್ ಕಾರ್ಡಿಗೆ (ಚಿತ್ರ, ದನಿಯನ್ನು ಕಂಪ್ಯೂಟರಿಗೆ ತರುವ ಸಾಧನ) ಕೊಟ್ಟು ಯಾರಾದರೂ ರೆಕಾರ್ಡ್ ಮಾಡಿದ್ದೀರಾ? ಚಿತ್ರ ಸ್ವಲ್ಪ ಮಸುಕಾದರೂ ನಡೆಯುತ್ತೆ, ತಂಬೂರಿ ದನಿ ಕೆಡಬಾರದು. ಒಂದು ಗಂಟೆ ಓಡಿದ ಮೇಲೆ ಚಿತ್ರ ಮುಂದೆ, ದನಿ ಹಿಂದೆ ಆಗುತ್ತಾ? ಇನ್ನೊಂದು ತಲೆನೋವು: ಟೈಮರ್ ಇಟ್ಟರೂ ಬಾಕ್ಸ್ ಅದೇ ಚಾನೆಲ್ಲಿನಲ್ಲಿ ಇರಬೇಕಲ್ಲ. ಅದಕ್ಕೇನು ಮಾಡುತ್ತೀರಿ?

ಕಾರ್ಡ್ ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆ ಕಡೆ ಸಿಗುತ್ತಾ, ಆನ್‌ಲೈನಲ್ಲೇ ತರಿಸಲಾ? ಜಾಸ್ತಿ ದುಬಾರಿ ಬೇಡ.